ಕಿಂಗ್ಸ್–ವಾರಿಯರ್ಸ್: ಸಬೋನಿಸ್ ಮುಂದಿನ ಆ ಆರಡಿ ಜಾಗ

ನೀವು ಕೇಳಿದ್ದು: "ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಪ್ಲೇಆಫ್ (ಸೀಸನ್ ಮುಗಿದ ಮೇಲಿನ ನಾಕೌಟ್) ಮೊದಲ ಸುತ್ತಿನಲ್ಲಿ ಸ್ಯಾಕ್ರಮೆಂಟೊ ಕಿಂಗ್ಸ್ ಮೂರನೇ ಸ್ಥಾನದ ತಂಡ, ಗೋಲ್ಡನ್ ಸ್ಟೇಟ್ ವಾರಿಯರ್ಸ್ ಆರನೇ ಸ್ಥಾನದ್ದು. ಆದರೂ ಹೆಚ್ಚಿನವರು ವಾರಿಯರ್ಸೇ ಗೆಲ್ಲೋದು ಅಂತಿದ್ದಾರೆ. ಯಾಕೆ? ಬಾಸ್ಕೆಟ್‌ಬಾಲ್‌ಗೆ ಹೊಸಬನಾದ ನಾನು ಈ ಸರಣಿಯಲ್ಲಿ ಏನನ್ನು ಗಮನಿಸಬೇಕು?"

ಮೊದಲ ಪಂದ್ಯಕ್ಕೆ ಇನ್ನೊಂದೇ ದಿನ ಬಾಕಿ. ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ 2023ರ ಏಪ್ರಿಲ್ 15ರ ಶನಿವಾರ ಸಂಜೆ ಐದೂವರೆ, ನಿಮಗೆ ಭಾರತದಲ್ಲಿ ಭಾನುವಾರ ಬೆಳಗ್ಗೆ ಆರು ಗಂಟೆ. ಕಾಫಿ ಕುಡಿಯುತ್ತಾ ನೋಡಬಹುದಾದ ಹೊತ್ತು, ತಪ್ಪಿಸಿಕೊಳ್ಳಬೇಡಿ.

ನಾನಿರೋದು ಸ್ಯಾಕ್ರಮೆಂಟೊ ಪಕ್ಕದ ಫಾಲ್ಸಮ್‌ನಲ್ಲಿ. 2012ರಲ್ಲಿ ಕೆಲಸಕ್ಕೆ ಅಂತ ಮೈಸೂರಿನಿಂದ ಇಲ್ಲಿಗೆ ಬಂದಾಗ ಕಿಂಗ್ಸ್ ತಂಡವನ್ನೇ ಬೇರೆ ಊರಿಗೆ ಒಯ್ದುಬಿಡುವ ಮಾತು ನಡೆದಿತ್ತು. ಊರಿನ ಏಕೈಕ ದೊಡ್ಡ ತಂಡ ಕೈಬಿಟ್ಟು ಹೋಗುತ್ತದೆ ಅಂತ ಆಫೀಸಿನಲ್ಲಿ ದೊಡ್ಡವರೆಲ್ಲ ಮುಖ ಸಣ್ಣದು ಮಾಡಿಕೊಂಡು ಓಡಾಡುತ್ತಿದ್ದರು. 2013ರಲ್ಲಿ ಮುಂಬೈಯಲ್ಲಿ ಹುಟ್ಟಿ ಬೆಳೆದ ವಿವೇಕ್ ರಣದಿವೆ ಮುಂದಾಳತ್ವದಲ್ಲಿ ಒಂದು ಗುಂಪು ತಂಡವನ್ನು ಕೊಂಡು ಇಲ್ಲೇ ಉಳಿಸಿಕೊಂಡಿತು. ಅದಕ್ಕೂ ಮೊದಲು ರಣದಿವೆ ವಾರಿಯರ್ಸ್ ತಂಡದಲ್ಲೇ ಪಾಲುದಾರರಾಗಿದ್ದವರು. ಈ ಎರಡು ತಂಡಗಳ ನಡುವಿನ ಕೊಡುಕೊಳ್ಳುವಿಕೆ ಅಲ್ಲಿಂದಲೇ ಶುರು ಅನ್ನಿ. ಅವತ್ತಿನಿಂದ ನಾನು ಕಿಂಗ್ಸ್ ಕಡೆಯವನು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ನನ್ನ ಲೆಕ್ಕವನ್ನು ನೀವು ಅದಕ್ಕೆ ತಕ್ಕಂತೆ ಓದಿಕೊಳ್ಳಿ.

ಹದಿನಾರು ಸೀಸನ್. 2006ರ ನಂತರ ಕಿಂಗ್ಸ್ ಒಮ್ಮೆಯೂ ಪ್ಲೇಆಫ್ ಮುಖ ನೋಡಿರಲಿಲ್ಲ, ಎನ್‌ಬಿಎ ಚರಿತ್ರೆಯಲ್ಲೇ ಇಷ್ಟು ಉದ್ದದ ವನವಾಸ ಇನ್ನೊಂದು ತಂಡಕ್ಕಿಲ್ಲ. ಈ ಸಲ 48 ಗೆಲುವು, 34 ಸೋಲು. ಮಾರ್ಚ್ 29ರಂದು ಪೋರ್ಟ್‌ಲ್ಯಾಂಡ್‌ನಲ್ಲಿ 120-80ರಿಂದ ಗೆದ್ದು ಪ್ಲೇಆಫ್ ಜಾಗ ಖಚಿತ ಮಾಡಿಕೊಂಡ ರಾತ್ರಿ ನಮ್ಮ ಪಕ್ಕದ ಮನೆಯ ಅಜ್ಜ ಹಸುವಿನ ಕೊರಳ ಗಂಟೆ ಹಿಡಿದು ರಸ್ತೆಗೇ ಬಂದುಬಿಟ್ಟರು. ಆ ಗಂಟೆಗೂ ಒಂದು ಕಥೆಯಿದೆ. ಇಪ್ಪತ್ತು ವರ್ಷದ ಹಿಂದೆ ಲಾಸ್ ಏಂಜಲೀಸ್‌ನ ಲೇಕರ್ಸ್ ತಂಡದ ಕೋಚ್ ಫಿಲ್ ಜಾಕ್ಸನ್ ಸ್ಯಾಕ್ರಮೆಂಟೊವನ್ನು ದನಗಳ ಊರು ಅಂತ ಹಂಗಿಸಿದ್ದರು. ಇಲ್ಲಿನವರು ಹೌದಪ್ಪಾ, ದನಗಳ ಊರೇ ಅಂತ ಹೇಳಿ ಗಂಟೆಗಳನ್ನೇ ಹಿಡಿದು ಆಟಕ್ಕೆ ಬರತೊಡಗಿದರು. 2002ರಲ್ಲಿ ಅದೇ ಲೇಕರ್ಸ್ ಎದುರು ಏಳನೇ ಪಂದ್ಯದಲ್ಲಿ ಸೋತು ಫೈನಲ್ಸ್ ಕೈತಪ್ಪಿದ ನೋವು ಈ ಊರಿಗೆ ಇನ್ನೂ ಹಸಿಯಾಗಿಯೇ ಇದೆ. ಪಕ್ಕದ ಮನೆಯ ಅಜ್ಜನ ಗಂಟೆ ಆ ಕಾಲದ್ದು, ನಾಲಿಗೆ ಸವೆದು ಸದ್ದು ಸ್ವಲ್ಪ ಒಡಕಾಗಿದೆ.

ಈಗ ನಿಮ್ಮ ಮೊದಲ ಪ್ರಶ್ನೆ. ಯಾಕೆ ವಾರಿಯರ್ಸ್ ಅಂತಿದ್ದಾರೆ? ಅವರು ಕಳೆದ ವರ್ಷದ ಚಾಂಪಿಯನ್. 2015, 2017, 2018, 2022, ನಾಲ್ಕು ಕಪ್. ಸ್ಟೀವ್ ಕರ್ ಕೋಚ್ ಆದ ಮೇಲೆ ಪಶ್ಚಿಮ ವಿಭಾಗದ ತಂಡಗಳ ಎದುರು 18 ಸರಣಿ ಆಡಿದ್ದಾರೆ, ಹದಿನೆಂಟನ್ನೂ ಗೆದ್ದಿದ್ದಾರೆ. ಸ್ಟೆಫ್ ಕರಿ, ಕ್ಲೇ ಥಾಂಪ್ಸನ್, ಡ್ರೇಮಂಡ್ ಗ್ರೀನ್ ಮೂವರೂ ಒಟ್ಟಿಗೆ ಅಂಗಳಕ್ಕಿಳಿದರೆ ಒಬ್ಬರ ಮನಸ್ಸಿನಲ್ಲಿರೋದು ಇನ್ನೊಬ್ಬರಿಗೆ ಬಾಯಿಬಿಟ್ಟು ಹೇಳಬೇಕಿಲ್ಲ. ಕಿಂಗ್ಸ್‌ನಲ್ಲಿ ಹ್ಯಾರಿಸನ್ ಬಾರ್ನ್ಸ್‌ನಂಥ ಒಂದಿಬ್ಬರನ್ನು ಬಿಟ್ಟರೆ ಪ್ಲೇಆಫ್ ಅನುಭವವೇ ಕಡಿಮೆ. ಆ ಬಾರ್ನ್ಸ್ ಕೂಡ 2015ರಲ್ಲಿ ಕಪ್ ಗೆದ್ದದ್ದು ವಾರಿಯರ್ಸ್ ಅಂಗಿ ತೊಟ್ಟು.

ಆದರೆ ಅವರ ಈ ಸೀಸನ್ನಿನ ಲೆಕ್ಕದಲ್ಲಿ ಒಂದು ದೊಡ್ಡ ತೂತಿದೆ. ತವರಿನಲ್ಲಿ 33 ಗೆಲುವು, 8 ಸೋಲು. ಹೊರಗೆ ಹೋದರೆ 11 ಗೆಲುವು, 30 ಸೋಲು. ಚಾಂಪಿಯನ್ ತಂಡದ ಅಂಕಿ ಅಂತ ನಂಬೋದು ಕಷ್ಟ. ಹೊರಗೆ ಹೋದಾಗ ಚೆಂಡನ್ನು ಕೈಯಾರೆ ಕಳೆದುಕೊಳ್ಳುತ್ತಾರೆ, ಡಿಫೆನ್ಸ್ ಸಡಿಲವಾಗುತ್ತೆ. ಮೊದಲು ನಾಲ್ಕು ಪಂದ್ಯ ಗೆದ್ದವರಿಗೆ ಸರಣಿ. ಅದು ಏಳನೇ ಪಂದ್ಯದವರೆಗೆ ಹೋದರೆ ನಾಲ್ಕು ಪಂದ್ಯ ಸ್ಯಾಕ್ರಮೆಂಟೊದಲ್ಲಿ, ಮೂರು ವಾರಿಯರ್ಸ್ ತವರಾದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ. ಅಂದರೆ ವಾರಿಯರ್ಸ್ ಇಲ್ಲಿಗೆ ಬಂದು ಒಂದಾದರೂ ಗೆಲ್ಲಲೇಬೇಕು. ಅವರನ್ನು ಮೆಚ್ಚುವವರು ಹೇಳುವ ಇನ್ನೊಂದು ಅಂಕಿಯನ್ನೂ ಮುಚ್ಚಿಡುವುದು ಸರಿಯಲ್ಲ: ಕಳೆದ 27 ಪ್ಲೇಆಫ್ ಸರಣಿಗಳಲ್ಲಿ ಒಂದರಲ್ಲೂ ಅವರು ಎದುರಾಳಿಯ ಅಂಗಳದಲ್ಲಿ ಬರಿಗೈಯಲ್ಲಿ ಮರಳಿಲ್ಲ. ಯಾವುದನ್ನು ನಂಬೋದು? ಮೊದಲ ಎರಡು ಪಂದ್ಯಗಳಲ್ಲೇ ನಿಮಗೆ ಅರ್ಧ ಉತ್ತರ ಸಿಗುತ್ತೆ.

ಇನ್ನು ಏನನ್ನು ನೋಡಬೇಕು ಅನ್ನೋದು. ಹೊಸಬರು ಸಹಜವಾಗಿ ಚೆಂಡಿನ ಹಿಂದೆಯೇ ಕಣ್ಣು ಓಡಿಸುತ್ತಾರೆ. ನನ್ನ ಒಂದು ಮಾತು ಕೇಳಿ. ಕಿಂಗ್ಸ್ ದಾಳಿಗೆ ಬಂದಾಗ ಅವರ ಸೆಂಟರ್, ಅಂದರೆ ನಡುವೆ ಆಡುವ ಎತ್ತರದ ಆಟಗಾರ ಡೊಮಾಂಟಸ್ ಸಬೋನಿಸ್ ಎಲ್ಲಿ ನಿಂತಿದ್ದಾನೆ, ಅವನ ಮುಂದೆ ನಿಂತ ವಾರಿಯರ್ಸ್ ಆಟಗಾರ ಅವನಿಂದ ಎಷ್ಟು ದೂರದಲ್ಲಿದ್ದಾನೆ, ಅದನ್ನಷ್ಟೇ ನೋಡಿ. ಈ ಸರಣಿಯ ಹಣೆಬರಹ ಆ ಆರಡಿ ಜಾಗದಲ್ಲಿದೆ ಅಂತ ನನ್ನ ನಂಬಿಕೆ.

ಈ ಚಳಿಗಾಲದಲ್ಲಿ ಒಂದು ಸಲ ಗೆಳೆಯನೊಬ್ಬ ಕೊಟ್ಟ ಟಿಕೆಟ್‌ನಿಂದ ಅಂಗಳಕ್ಕೆ ತೀರ ಹತ್ತಿರ ಕೂರುವ ಅವಕಾಶ ಸಿಕ್ಕಿತ್ತು. ಮಾಮೂಲಾಗಿ ನಾನು ಮೇಲಿನ ಕೊನೆಯ ಸಾಲುಗಳವನು. ಹತ್ತಿರದಿಂದ ನೋಡಿದಾಗ ತಿಳಿಯಿತು ಸಬೋನಿಸ್ ಮಾಡುವ ಕೆಲಸ ಏನು ಅಂತ. ಫ್ರೀ ಥ್ರೋ ಗೆರೆಯ ಮೂಲೆಯಲ್ಲಿ ಬುಟ್ಟಿಗೆ ಬೆನ್ನು ಹಾಕಿ, ಚೆಂಡನ್ನು ಎರಡೂ ಕೈಯಲ್ಲಿ ಹೊಟ್ಟೆಯ ಹತ್ತಿರ ಹಿಡಿದು ನಿಂತಿರುತ್ತಾನೆ. ಬಲಗೈ ಹೆಬ್ಬೆರಳಿಗೆ ದಪ್ಪಗೆ ಟೇಪ್ ಸುತ್ತಿರುತ್ತೆ, ಡಿಸೆಂಬರ್‌ನಲ್ಲಿ ಮುರಿದ ಬೆರಳು, ಆಪರೇಷನ್ ಮಾಡಿಸಿಕೊಳ್ಳದೆ ಹಾಗೇ ಆಡುತ್ತಿದ್ದಾನೆ. ಅವನ ಜೊತೆಗಾರ ಕೆವಿನ್ ಹ್ಯೂರ್ಟರ್ ಮೂಲೆಯಿಂದ ಅವನತ್ತ ಓಡಿಬರುತ್ತಾನೆ. ಸಬೋನಿಸ್ ಚೆಂಡನ್ನು ಕೈಗಿಡುತ್ತಾ ಅದೇ ಗಳಿಗೆಯಲ್ಲಿ ಸೊಂಟ ತಿರುಗಿಸಿ ಹಿಂದೆ ಬರುತ್ತಿದ್ದವನ ದಾರಿಗೆ ಗೋಡೆಯಂತೆ ನಿಲ್ಲುತ್ತಾನೆ. ಡಿಕ್ಕಿ ಹೊಡೆದ ಸದ್ದು ನನ್ನ ಸೀಟಿಗೆ ಕೇಳಿಸಿತು. ಅಷ್ಟರಲ್ಲಿ ಹ್ಯೂರ್ಟರ್ ತ್ರೀ ಪಾಯಿಂಟರ್ (ದೂರದ ಗೆರೆಯಾಚೆಯಿಂದ ಮೂರು ಅಂಕದ ಎಸೆತ) ಎಸೆದಾಗಿತ್ತು. ಎದುರಾಳಿ ಇದನ್ನು ಮೊದಲೇ ಊಹಿಸಿ ದಾರಿ ಅಡ್ಡಗಟ್ಟಿದರೆ ಹ್ಯೂರ್ಟರ್ ಥಟ್ಟನೆ ಬುಟ್ಟಿಯ ಕಡೆ ತಿರುಗುತ್ತಾನೆ, ಸಬೋನಿಸ್ ಹಿಂದೆ ನೋಡದೆಯೇ ಪಾಸ್ ಕೊಡುತ್ತಾನೆ.

ಇದನ್ನು ಹ್ಯಾಂಡ್‌ಆಫ್ ಅಂತಾರೆ. ಕಿಂಗ್ಸ್ ಇಡೀ ದಾಳಿ ನಿಂತಿರೋದು ಇದರ ಮೇಲೆ. ಪಂದ್ಯಕ್ಕೆ ಸರಾಸರಿ 120.7 ಅಂಕ, ಲೀಗ್‌ನಲ್ಲೇ ಹೆಚ್ಚು. ಫೆಬ್ರವರಿ 24ರಂದು ಕ್ಲಿಪರ್ಸ್ ಎದುರು ಎರಡು ಓವರ್‌ಟೈಮ್ ಆಡಿ 176-175ರಿಂದ ಗೆದ್ದರು, ಎನ್‌ಬಿಎ ಚರಿತ್ರೆಯಲ್ಲಿ ಅದಕ್ಕಿಂತ ಹೆಚ್ಚು ಅಂಕ ಬಿದ್ದ ಪಂದ್ಯ ಒಂದೇ ಒಂದು. ಹ್ಯೂರ್ಟರ್ ಜೊತೆಗೆ ಕೀಗನ್ ಮರ್ರಿ ಇದ್ದಾನೆ, ಮೊದಲ ವರ್ಷದ ಹುಡುಗ, 206 ತ್ರೀ ಹಾಕಿ ಹೊಸಬರ ದಾಖಲೆಯನ್ನೇ ಮುರಿದ. ಸಬೋನಿಸ್‌ಗೆ ಸರಾಸರಿ 12.3 ರೀಬೌಂಡ್ (ಗುರಿ ತಪ್ಪಿದ ಚೆಂಡನ್ನು ಹಿಡಿಯೋದು), ಅದೂ ಲೀಗ್‌ನಲ್ಲೇ ಮೊದಲು.

ವಾರಿಯರ್ಸ್ ಇದಕ್ಕೆ ಏನು ಮಾಡಬಹುದು? ಸಬೋನಿಸ್ ದೂರದಿಂದ ಎಸೆಯುವವನಲ್ಲ. ಆದ್ದರಿಂದ ಕೆವಾನ್ ಲೂನಿಯೋ ಡ್ರೇಮಂಡ್ ಗ್ರೀನೋ ಅವನನ್ನು ಹೊರಗೆ ಬಿಟ್ಟು ಆರಡಿ ಹಿಂದೆ ನಿಲ್ಲಬಹುದು, ನೀನೇ ಎಸಿ ನೋಡೋಣ ಅನ್ನುವ ಹಾಗೆ. ಹಾಗೆ ಹಿಂದೆ ನಿಂತವನು ಬುಟ್ಟಿಯ ಕಡೆ ನುಗ್ಗುವ ದಾರಿಯನ್ನೂ ಪಾಸ್‌ಗಳನ್ನೂ ಒಟ್ಟಿಗೇ ಮುಚ್ಚುತ್ತಾನೆ. ಡ್ರೇಮಂಡ್ ಈ ಕೆಲಸದಲ್ಲಿ ಪಂಟರು. ಎದುರಾಳಿಯ ಆಟವನ್ನು ಅವರಿಗಿಂತ ಮೊದಲು ಅವನೇ ಕೂಗಿ ಹೇಳುತ್ತಾನೆ. ಆದರೆ ಹಿಂದೆ ನಿಂತರೆ ಹ್ಯಾಂಡ್‌ಆಫ್ ತೆಗೆದುಕೊಂಡವನ ಮುಂದೆ ಯಾರೂ ಇರುವುದಿಲ್ಲ, ಹ್ಯೂರ್ಟರ್‌ನ ಕೈ ನಡುಗದಿದ್ದರೆ ಮೂರು ಮೂರು ಅಂಕ ಬೀಳುತ್ತಾ ಹೋಗುತ್ತೆ. ಪ್ಲೇಆಫ್‌ನಲ್ಲಿ ಕೈ ನಡುಗುತ್ತೋ ಇಲ್ಲವೋ, ಅದು ಮೊದಲೇ ಯಾರಿಗೂ ಗೊತ್ತಾಗುವ ವಿಷಯವಲ್ಲ. ಹಾಗಾಗಿ ಮೊದಲ ಹತ್ತು ನಿಮಿಷದಲ್ಲಿ ಹ್ಯೂರ್ಟರ್, ಮರ್ರಿ ಇಬ್ಬರ ಮೊದಲ ಮೂರ್ನಾಲ್ಕು ಎಸೆತ ಗಮನಿಸಿ. ಅವು ಬೀಳದೇ ಹೋದರೆ ಸಬೋನಿಸ್ ಮೇಲೆ ಇಡೀ ಭಾರ ಬೀಳುತ್ತೆ. ಆಗ ಕಿಂಗ್ಸ್ ಕೋಚ್ ಮೈಕ್ ಬ್ರೌನ್ ಅವನನ್ನು ಬೆಂಚಿಗೆ ಕರೆದು, ದೂರದಿಂದ ಎಸೆಯಬಲ್ಲ ಟ್ರೇ ಲೈಲ್ಸ್‌ನನ್ನು ನಡುವೆ ನಿಲ್ಲಿಸಬಹುದು. ಹಾಗೆ ಮಾಡಿದರೆ ಆಶ್ಚರ್ಯಪಡಬೇಡಿ, ಅದು ಭಯದ ಲಕ್ಷಣವೂ ಅಲ್ಲ.

ಬ್ರೌನ್ ವಿಷಯ ಬಂದಿದ್ದರಿಂದ ಹೇಳುತ್ತೇನೆ. ಈ ಮನುಷ್ಯ ಆರು ವರ್ಷ ವಾರಿಯರ್ಸ್ ಬೆಂಚಿನಲ್ಲಿ ಸ್ಟೀವ್ ಕರ್ ಪಕ್ಕ ಕೂತವರು. 2017ರಲ್ಲಿ ಕರ್ ಬೆನ್ನುನೋವಿನಿಂದ ಹೊರಗುಳಿದಾಗ ಪ್ಲೇಆಫ್‌ನಲ್ಲಿ ತಂಡವನ್ನು ನಡೆಸಿ ಒಂದೂ ಪಂದ್ಯ ಸೋಲಲಿಲ್ಲ. ಕರಿ ಯಾವ ಸ್ಕ್ರೀನ್ (ಜೊತೆಗಾರ ಗೋಡೆಯಂತೆ ನಿಂತು ಕೊಡುವ ಮರೆ) ಹಿಂದೆ ಯಾವ ಕಡೆಯಿಂದ ಹೊರಬರುತ್ತಾನೆ ಅನ್ನೋದು ಅವರಿಗೆ ಮನೆಯ ದಾರಿಯಷ್ಟು ಗೊತ್ತು. ಗೊತ್ತಿರೋದು ಬೇರೆ, ತಡೆಯೋದು ಬೇರೆ. ನವೆಂಬರ್ 7ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕರಿ ಕಿಂಗ್ಸ್ ಎದುರು 47 ಅಂಕ ಹಾಕಿ 116-113ರಿಂದ ಗೆಲ್ಲಿಸಿದ. ಸೀಸನ್ನಿನ ನಾಲ್ಕು ಮುಖಾಮುಖಿಗಳಲ್ಲಿ ಮೂರನ್ನು ಗೆದ್ದದ್ದು ವಾರಿಯರ್ಸೇ.

ಕಿಂಗ್ಸ್‌ನ ದೌರ್ಬಲ್ಯವೂ ಇದೇ. ಡಿಫೆನ್ಸ್ ಲೀಗ್‌ನ ಕೊನೆಯ ಮೂರನೇ ಒಂದು ಭಾಗದಲ್ಲಿದೆ. ಕರಿ ಸ್ಕ್ರೀನ್ ಬಳಸಿ ಸಬೋನಿಸ್‌ನನ್ನು ಬುಟ್ಟಿಯಿಂದ ಹೊರಗೆಳೆಯುತ್ತಾನೆ, ಪದೇ ಪದೇ, ಕಾಲು ಸೋಲುವ ತನಕ. ಇಬ್ಬರು ಕರಿ ಮೇಲೆ ಬಿದ್ದರೆ ಚೆಂಡು ಡ್ರೇಮಂಡ್‌ಗೆ, ಅಲ್ಲಿಂದ ವಾರಿಯರ್ಸ್‌ನ ನಾಲ್ವರ ಎದುರು ಕಿಂಗ್ಸ್‌ನ ಮೂವರು. ಈ ಲೆಕ್ಕ ತಪ್ಪಿಸಲು ಕರಿ ಬೆನ್ನಿಗೆ ಡೇವಿಯನ್ ಮಿಚೆಲ್ ಅಂಟಿಕೊಳ್ಳಬೇಕು. ಗಿಡ್ಡ, ಗಟ್ಟಿ ಮೈಯವನು, ಸ್ಕ್ರೀನ್‌ಗಳ ಸಂದಿಯಲ್ಲಿ ನುಸುಳುವುದರಲ್ಲಿ ಈ ತಂಡದಲ್ಲಿ ಅವನಷ್ಟು ಚುರುಕು ಇನ್ನೊಬ್ಬನಿಲ್ಲ. ಬೆಂಚಿನಿಂದ ಬರುವ ಅವನ ನಿಮಿಷಗಳು ಹೆಚ್ಚಾದರೆ ಬ್ರೌನ್ ಸರಿಯಾದ ದಾರಿಯಲ್ಲಿದ್ದಾರೆ ಅಂತ ತಿಳಿಯಿರಿ.

ಫೆಬ್ರವರಿ ಮಧ್ಯದಿಂದ ಮನೆಯ ಕಾರಣಕ್ಕೆ ದೂರವಿದ್ದ ಆಂಡ್ರ್ಯೂ ವಿಗಿನ್ಸ್ ವಾರಿಯರ್ಸ್‌ಗೆ ಮರಳಿದ್ದಾನೆ. ಎರಡು ತಿಂಗಳು ಆಡದವನ ಉಸಿರು ಎಷ್ಟು ಹೊತ್ತು ಇರುತ್ತೆ ಅನ್ನೋದು ಮುಖ್ಯ, ಯಾಕೆಂದರೆ ಕಿಂಗ್ಸ್‌ನ ಡಿ'ಆರನ್ ಫಾಕ್ಸ್‌ನನ್ನು ಹಿಡಿಯುವ ಕೆಲಸ ಅವನ ಪಾಲಿಗೂ ಗ್ಯಾರಿ ಪೇಟನ್ ಪಾಲಿಗೂ ಬರುತ್ತೆ. ಫಾಕ್ಸ್ ಬಗ್ಗೆ ನಾನು ಇಷ್ಟು ತಡವಾಗಿ ಬರೆಯುತ್ತಿರುವುದು ಅವನು ಕಡಿಮೆ ಅಂತಲ್ಲ. ಸರಾಸರಿ 25 ಅಂಕ. ಕೊನೆಯ ಐದು ನಿಮಿಷ, ಅಂತರ ಐದು ಅಂಕದೊಳಗೆ ಇದ್ದಾಗ ಈ ಸೀಸನ್ನಿನಲ್ಲಿ ಅವನಷ್ಟು ಅಂಕ ಲೀಗ್‌ನಲ್ಲಿ ಯಾರೂ ಹಾಕಿಲ್ಲ. ಹ್ಯಾಂಡ್‌ಆಫ್ ಕೆಟ್ಟುಹೋದ ದಿನ ಚೆಂಡನ್ನು ಅವನ ಕೈಗೆ ಕೊಟ್ಟು ಉಳಿದವರು ಬದಿಗೆ ಸರಿಯುತ್ತಾರೆ. ಅವನ ಓಟ ನೋಡಲು ಟಿವಿಗಿಂತ ಮೈದಾನವೇ ಬೇಕು. ನಿಂತಲ್ಲಿಂದ ಎರಡು ಹೆಜ್ಜೆಯಲ್ಲಿ ಎದುರಿನವನ ಭುಜ ದಾಟಿರುತ್ತಾನೆ. ಕಾಲೇಜಿನಲ್ಲಿ ಅವನ ಜೊತೆಗೇ ಆಡಿದ ಮಲಿಕ್ ಮಂಕ್ ಈಗ ಬೆಂಚಿನಿಂದ ಬಂದು ಅದೇ ವೇಗದಲ್ಲಿ ಆಡುತ್ತಾನೆ. ಆ ಕ್ಲಿಪರ್ಸ್ ಪಂದ್ಯದಲ್ಲಿ ಮಂಕ್ 45, ಫಾಕ್ಸ್ 42.

ರೀಬೌಂಡ್ ಬಗ್ಗೆ ಒಂದು ಮಾತು. ಲೂನಿ ಹೆಸರು ಪೇಪರ್‌ನಲ್ಲಿ ಕಾಣೋದು ಕಡಿಮೆ. ಎರಡು ಸೀಸನ್ ಸತತವಾಗಿ 82ಕ್ಕೆ 82 ಪಂದ್ಯ ಆಡಿದವನು. ಗುರಿ ತಪ್ಪಿದ ಚೆಂಡು ಎಲ್ಲಿ ಬೀಳುತ್ತೆ ಅಂತ ಅವನಿಗೆ ಮೊದಲೇ ತಿಳಿದಿರುತ್ತೆ ಅನ್ನಿಸುತ್ತೆ. ಅವನು ಸಬೋನಿಸ್‌ನನ್ನು ಬುಟ್ಟಿಯಿಂದ ತಳ್ಳಿ ಹಿಡಿದು ವಾರಿಯರ್ಸ್‌ಗೆ ಎರಡನೇ ಅವಕಾಶಗಳನ್ನು ಕೊಡತೊಡಗಿದರೆ, ಕರಿ 20 ಅಂಕ ಹಾಕಿದ ದಿನವೂ ನಾವು ಸೋಲಬಹುದು.

ಈ ಎರಡು ಊರುಗಳ ನಡುವೆ 140 ಕಿಲೋಮೀಟರ್ ಅಷ್ಟೇ. ಆದರೂ ಇವೆರಡು ತಂಡಗಳು ಪ್ಲೇಆಫ್‌ನಲ್ಲಿ ಎದುರಾಗುತ್ತಿರುವುದು ಇದೇ ಮೊದಲು. ಬೇ ಏರಿಯಾದಲ್ಲಿರುವ ನನ್ನ ಚಿಕ್ಕಪ್ಪನ ಮಗ ವಾರಿಯರ್ಸ್ ಕಡೆಯವನು. ಯುಗಾದಿಗೆ ಬಂದಾಗ "ಅಣ್ಣಾ, ನಾಲ್ಕೇ ಪಂದ್ಯ ಕಣೋ" ಅಂತ ಹೋಳಿಗೆ ತಿನ್ನುತ್ತಾ ಹೇಳಿ ಹೋಗಿದ್ದಾನೆ. ನಾಲ್ಕರಲ್ಲಿ ಮುಗಿಯುವ ಸರಣಿ ಇದಲ್ಲ.

ನನ್ನ ಉತ್ತರ: ಕಿಂಗ್ಸ್, ಏಳು ಪಂದ್ಯಗಳಲ್ಲಿ. ಕಾರಣ ಆ 11-30. ಇಡೀ ಸೀಸನ್ ಹೊರಗೆ ಆಡಲು ಬಾರದ ತಂಡ ಹದಿನಾರು ವರ್ಷ ಕಾದ ಊರಿಗೆ ಬಂದು ಎರಡು ಸಲ ಗೆಲ್ಲುವುದು ನನಗೆ ಕಾಣಿಸುತ್ತಿಲ್ಲ. ಒಂದು ಗೆಲ್ಲಬಹುದು. ಆಗ ನಾವು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಒಂದು ಕಿತ್ತುಕೊಳ್ಳಬೇಕು. ಕಿಂಗ್ಸ್ ಈ ಸಲ ತವರಿಗಿಂತ ಹೊರಗೇ ಚೆನ್ನಾಗಿ ಆಡಿದ ತಂಡ, ಹೊರಗೆ 25 ಗೆಲುವು. ಹಾಗಾಗಿ ಅದು ಆಸೆಯ ಮಾತಷ್ಟೇ ಅಲ್ಲ. ಭಯವಿರುವುದು ಒಂದೇ ಕಡೆ. ಏಳನೇ ಪಂದ್ಯ, 35 ವರ್ಷದ ಕರಿ, ಕೈ ಬಿಸಿಯಾಗಿರುವ ಒಂದು ದಿನ. ಅದಕ್ಕೆ ಯಾವ ಕೋಚ್ ಬಳಿಯೂ ಔಷಧಿ ಇಲ್ಲ.

ಕಿಂಗ್ಸ್ ಗೆದ್ದ ರಾತ್ರಿ ಗೋಲ್ಡನ್ 1 ಸೆಂಟರ್ ಮೇಲಿಂದ ಒಂದು ನೇರಳೆ ಬೆಳಕಿನ ಕಂಬ ಆಕಾಶಕ್ಕೆ ಏಳುತ್ತೆ. ಟಿವಿಯಲ್ಲಿ ನೋಡಿದರೆ ಅದು ಬರೀ ಅಲಂಕಾರ ಅನ್ನಿಸಬಹುದು. ಪಂದ್ಯ ಮುಗಿಸಿ ಪಾರ್ಕಿಂಗ್‌ಗೆ ನಡೆಯುವಾಗ ಜನ ಅದನ್ನು ನೋಡುತ್ತಾ ನಡುರಸ್ತೆಯಲ್ಲೇ ನಿಂತುಬಿಡುತ್ತಾರೆ, ಅಪ್ಪಂದಿರು ಮಕ್ಕಳನ್ನು ಹೆಗಲಿಗೇರಿಸಿಕೊಳ್ಳುತ್ತಾರೆ. ಶನಿವಾರ ನಾನೂ ನನ್ನ ಮಗಳನ್ನು ಕರೆದುಕೊಂಡು ಹೋಗುತ್ತಿದ್ದೇನೆ. ಟಿಕೆಟ್ ಸಿಗಲಿಲ್ಲ, ಹೊರಗಿನ ಚೌಕದಲ್ಲೇ ನಿಲ್ಲುತ್ತೇವೆ. ಅಜ್ಜ ತಮ್ಮ ಗಂಟೆಯನ್ನು ಅವಳ ಕೈಗೆ ಕೊಟ್ಟಿದ್ದಾರೆ.