ವೋಟು ಹಾಕಿದ್ದು ನಾವು, ಕಾನೂನು ಬಿದ್ದಿದ್ದು ಕೋರ್ಟಿನಲ್ಲಿ: ಇದು ಸರೀನಾ?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಪದವಿ ಓದುತ್ತಿದ್ದೇನೆ. ನಮ್ಮಪ್ಪ ಇಲ್ಲಿನ ಕಾಟನ್ ಮಿಲ್ಲಿನಲ್ಲಿ ದುಡಿದವರು. ಸರ್ಕಾರದ ಕಾನೂನನ್ನು ಕೋರ್ಟು ರದ್ದು ಮಾಡಿತು ಅಂತ ಸುದ್ದಿ ಬಂದಾಗಲೆಲ್ಲ ಅವರಿಗೆ ಸಿಟ್ಟು. "ಎಮ್ಮೆಲ್ಲೆ, ಎಂಪಿಗೆ ನಾವು ವೋಟು ಹಾಕಿದ್ವಿ. ಜಡ್ಜ್‌ಗಳಿಗೆ ಯಾರು ಹಾಕಿದ್ರು?" ಅಂತಾರೆ. ನನಗೆ ಉತ್ತರ ಹೊಳೆಯುವುದಿಲ್ಲ. ಸಂವಿಧಾನದ ವಿಷಯದಲ್ಲಿ ಕೊನೆಯ ಮಾತು ಯಾರದ್ದು ಸರ್?
– ಓದುಗ, ದಾವಣಗೆರೆ

ಉತ್ತರ: ನಿಮ್ಮ ತಂದೆಯವರ ಪ್ರಶ್ನೆ ಸಣ್ಣದಲ್ಲ. ಕಾನೂನು ಪಾಠ ಮಾಡುವ ನನ್ನನ್ನು ಪ್ರತಿ ವರ್ಷ ಯಾರಾದರೊಬ್ಬ ವಿದ್ಯಾರ್ಥಿ ಇದನ್ನೇ ಕೇಳುತ್ತಾರೆ. ಸಂವಿಧಾನದ ಒಂದು ಸಾಲಿಗೆ ಅರ್ಥ ಏನು ಅಂತ ಹೇಳುವುದು ಕೋರ್ಟು. ಆ ಸಾಲನ್ನೇ ತಿದ್ದುವ ಅಧಿಕಾರ ಸಂಸತ್ತಿನದು. ತಿದ್ದುವ ಹೆಸರಲ್ಲಿ ಬುನಾದಿಗೇ ಕೈ ಹಾಕಿದರೆ ತಡೆಯುವುದು ಮತ್ತೆ ಕೋರ್ಟು.

ನಮ್ಮ ರಾಜ್ಯದ್ದೇ ಎರಡು ಪ್ರಸಂಗ ನೋಡಿ.

1991ರ ಜೂನ್‌ನಲ್ಲಿ ಕಾವೇರಿ ನ್ಯಾಯಮಂಡಳಿ ಮಧ್ಯಂತರ ಆದೇಶ ಕೊಟ್ಟಿತು. ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ನೀರು ಸಿಗಬೇಕು ಅಂತ. ಮರು ತಿಂಗಳೇ ನಮ್ಮ ಸರ್ಕಾರ ಸುಗ್ರೀವಾಜ್ಞೆ ತಂದಿತು. ಆ ಆದೇಶ ನಮಗೆ ಲಾಗೂ ಆಗುವುದಿಲ್ಲ ಅನ್ನುವುದೇ ಅದರ ತಿರುಳು. ರಾಷ್ಟ್ರಪತಿಗಳು ಸುಪ್ರೀಂ ಕೋರ್ಟಿನ ಅಭಿಪ್ರಾಯ ಕೇಳಿದರು. ನವೆಂಬರ್‌ನಲ್ಲಿ ಕೋರ್ಟು ಹೇಳಿತು: ಇದು ಸಂವಿಧಾನಕ್ಕೆ ವಿರುದ್ಧ, ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶ ಆಗುವಂತಿಲ್ಲ. ರೈತರ ಸಂಕಟ ನಿಜವೇ ಇತ್ತು. ಆದರೂ ಕಾನೂನು ನಿಲ್ಲಲಿಲ್ಲ.

ಇನ್ನೊಂದು ಬಡ್ತಿ ಮೀಸಲಾತಿಯದು. ಮೀಸಲಾತಿಯಲ್ಲಿ ಬಡ್ತಿ ಪಡೆದ ಎಸ್‌ಸಿ, ಎಸ್‌ಟಿ ನೌಕರರ ಸೀನಿಯಾರಿಟಿ ಉಳಿಸಲು 2002ರಲ್ಲಿ ರಾಜ್ಯ ಒಂದು ಕಾಯ್ದೆ ಮಾಡಿತ್ತು. 2017ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ಪ್ರಾತಿನಿಧ್ಯ ಸಾಲದು ಅನ್ನುತ್ತೀರಲ್ಲ, ಅದಕ್ಕೆ ಅಂಕಿಅಂಶ ಎಲ್ಲಿ ಅಂತ ಕೇಳಿತು. ಈ ಸಲ ಸರ್ಕಾರ ಜಗಳಕ್ಕೆ ನಿಲ್ಲಲಿಲ್ಲ. ಸರ್ಕಾರವೇ ನೇಮಿಸಿದ ರತ್ನಪ್ರಭಾ ಸಮಿತಿ ಇಲಾಖೆವಾರು ಲೆಕ್ಕ ತೆಗೆಯಿತು. ಆ ಲೆಕ್ಕದ ಮೇಲೆ ಹೊಸ ಕಾಯ್ದೆ 2018ರಲ್ಲಿ ಬಂತು. 2019ರ ಮೇ ತಿಂಗಳಲ್ಲಿ ಅದೇ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು.

ವ್ಯತ್ಯಾಸ ಗೊತ್ತಾಯ್ತಲ್ವಾ? ತೀರ್ಪು ಒಪ್ಪುವುದಿಲ್ಲ ಅಂತ ಸುಮ್ನೆ ಕಾಯ್ದೆ ಬರೆದರೆ ಅದು ಬೀಳುತ್ತದೆ. ತೀರ್ಪು ತೋರಿಸಿದ ಕೊರತೆಯನ್ನು ತುಂಬಿದರೆ ಶಾಸನಸಭೆಯ ಮಾತೇ ನಡೆಯುತ್ತದೆ. ಮೊದಲ ಸಲ ಬಿದ್ದ ಕಾನೂನಿಗೆ ಅಲ್ಲಿಗೇ ಕಥೆ ಮುಗಿಯಬೇಕಾಗಿಲ್ಲ.

ಕಾಯ್ದೆ ಹಾಗಿರಲಿ, ಸಂವಿಧಾನವನ್ನೇ ತಿದ್ದಿದರೆ? 1973ರಲ್ಲಿ ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳ ಪ್ರಕರಣದಲ್ಲಿ 13 ನ್ಯಾಯಮೂರ್ತಿಗಳು ಕೂತರು. 7 ಜನ ಒಂದು ಕಡೆ, 6 ಜನ ಇನ್ನೊಂದು ಕಡೆ. ಸಂಸತ್ತು ಯಾವ ಭಾಗವನ್ನಾದರೂ ತಿದ್ದಬಹುದು, ಆದರೆ ಸಂವಿಧಾನದ ಮೂಲ ಸ್ವರೂಪ ಕೆಡಿಸುವಂತಿಲ್ಲ ಅಂತ ತೀರ್ಮಾನವಾಯಿತು. 'ಮೂಲ ಸ್ವರೂಪ' ಅನ್ನುವ ಮಾತು ಸಂವಿಧಾನದಲ್ಲಿ ಎಲ್ಲೂ ಇಲ್ಲ. ಒಂದೇ ಒಂದು ಮತದ ಅಂತರದಲ್ಲಿ ಹುಟ್ಟಿದ್ದು. ನಿಮ್ಮ ತಂದೆಯವರು ಇದನ್ನು ಆಕ್ಷೇಪಿಸಿದರೆ ನಾನು ತಪ್ಪು ಅನ್ನುವುದಿಲ್ಲ. ಆದರೂ ನಾನು ಆ ತೀರ್ಪಿನ ಪರ. ಯಾಕೆಂದರೆ ಮೂರೇ ವರ್ಷದಲ್ಲಿ, ತುರ್ತು ಪರಿಸ್ಥಿತಿಯಲ್ಲಿ, ವಿರೋಧ ಪಕ್ಷದ ಎಷ್ಟೋ ನಾಯಕರು ಜೈಲಿನಲ್ಲಿದ್ದಾಗ 42ನೇ ತಿದ್ದುಪಡಿ ಬಂತು. ತಿದ್ದುವ ಅಧಿಕಾರಕ್ಕೆ ಮಿತಿಯೇ ಇಲ್ಲ, ಯಾವ ಕೋರ್ಟೂ ಪ್ರಶ್ನಿಸುವಂತಿಲ್ಲ ಅಂತ ಅದರಲ್ಲೇ ಬರೆದುಕೊಂಡರು. ಜನ ವೋಟು ಹಾಕಿ ಕಳಿಸಿದ ಸಂಸತ್ತೇ ಹೀಗೆ ಬರೆದದ್ದು. ಚುನಾವಣೆಯನ್ನೂ ಒಂದು ವರ್ಷ ಮುಂದಕ್ಕೆ ಹಾಕಿದ್ದ ಸಂಸತ್ತು ಅದು.

ಒಂದು ಕಡೆ ಮಾತ್ರ ನಾನು ನಿಮ್ಮ ತಂದೆಯವರ ಜೊತೆಗಿದ್ದೇನೆ. ನ್ಯಾಯಮೂರ್ತಿಗಳ ನೇಮಕಕ್ಕೆ ಒಂದು ಆಯೋಗ ಮಾಡಲು 2014ರಲ್ಲಿ ಸಂಸತ್ತು 99ನೇ ತಿದ್ದುಪಡಿ ತಂದಿತು. ಅರ್ಧಕ್ಕಿಂತ ಜಾಸ್ತಿ ರಾಜ್ಯಗಳೂ ಒಪ್ಪಿದವು. 2015ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ 4-1ರಲ್ಲಿ ಅದನ್ನು ರದ್ದು ಮಾಡಿತು. ಜಡ್ಜ್‌ಗಳನ್ನು ಯಾರು ಆರಿಸಬೇಕು ಅಂತ ಜಡ್ಜ್‌ಗಳೇ ತೀರ್ಮಾನಿಸಿದರು. ಕಾವೇರಿಯಲ್ಲಿ ನಮಗೆ ಹೇಳಿದ ಮಾತು ಇಲ್ಲಿ ತಮಗೂ ಅನ್ವಯಿಸುತ್ತದೆ ಅಂತ ಅವರಿಗೆ ಅನ್ನಿಸಬೇಕಿತ್ತು. ಆಯೋಗದಲ್ಲಿ ದೋಷ ಇತ್ತು ಅಂತಲೇ ಇಟ್ಟುಕೊಳ್ಳೋಣ. ಆದರೂ ಈಗಿನ ಕೊಲಿಜಿಯಂ, ಅಂದರೆ ಹೊಸ ಜಡ್ಜ್‌ಗಳ ಹೆಸರು ಆರಿಸುವ ಹಿರಿಯ ನ್ಯಾಯಮೂರ್ತಿಗಳ ಗುಂಪು, ತನ್ನ ಬಾಗಿಲು ಇನ್ನೂ ಸಾಕಷ್ಟು ತೆರೆದಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನು ನಿಮ್ಮ ತಂದೆಯವರಿಗೆ ಒಂದು ಮಿಲ್ಲಿನ ವಿಷಯ ಹೇಳಿ. 42ನೇ ತಿದ್ದುಪಡಿಯ ಆ ಸಾಲುಗಳು ಬಿದ್ದದ್ದು 1980ರಲ್ಲಿ, ಬೆಂಗಳೂರಿನ ಮಿನರ್ವ ಮಿಲ್ಸ್ ಪ್ರಕರಣದಲ್ಲಿ. ಸೊರಗಿದ ಬಟ್ಟೆ ಮಿಲ್ಲುಗಳನ್ನು ಕೇಂದ್ರ ಸರ್ಕಾರ ರಾಷ್ಟ್ರೀಕರಣ ಮಾಡಿತ್ತು. ಮಾಲೀಕರು ಕೋರ್ಟಿಗೆ ಹೋಗಿದ್ದರು. ಸಂಸತ್ತಿನ ಅಧಿಕಾರಕ್ಕೆ ಮಿತಿ ಇದೆ ಅನ್ನುವ ವಾದದಲ್ಲಿ ಅವರು ಗೆದ್ದರು. ಆದರೆ ಮಿಲ್ಲು ವಾಪಸ್ ಸಿಗಲಿಲ್ಲ. ರಾಷ್ಟ್ರೀಕರಣದ ಕಾಯ್ದೆ ಸರಿ ಇದೆ ಅಂತ 1986ರಲ್ಲಿ ಅದೇ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು.