ಕ್ಲಿಪ್ ತೆಗೆಸಿದ ಮೇಲೂ ರಿಟೇನರ್ ಯಾಕೆ, ಎಷ್ಟು ದಿನ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಾವು ದಾವಣಗೆರೆ ವಿದ್ಯಾನಗರದವರು. ಮಗಳು ಸೆಕೆಂಡ್ ಪಿಯುಸಿ. ಎರಡು ವರ್ಷ ಹಲ್ಲಿಗೆ ಕ್ಲಿಪ್ ಹಾಕಿಸಿ, ನಾಲ್ಕು ತಿಂಗಳ ಹಿಂದೆ ತೆಗೆಸಿದೆವು. ಆಮೇಲೆ ಹಾಕಿಕೊಳ್ಳಲು ಟ್ರಾನ್ಸ್‌ಪರೆಂಟ್ ಪ್ಲಾಸ್ಟಿಕ್ ರಿಟೇನರ್ ಕೊಟ್ಟಿದ್ದರು. ಕಳೆದ ವಾರ ಬೆಣ್ಣೆ ದೋಸೆ ತಿನ್ನಲು ಹೋದಾಗ ಅದನ್ನು ಟಿಶ್ಯೂ ಪೇಪರ್‌ನಲ್ಲಿ ಸುತ್ತಿಟ್ಟಿದ್ದಳು. ಟೇಬಲ್ ಒರೆಸುವ ಹುಡುಗ ಕಸ ಅಂತ ಎತ್ತಿಕೊಂಡು ಹೋಗಿದ್ದಾನೆ. ಹಲ್ಲೇನೋ ನೆಟ್ಟಗೇ ಇವೆ. ಪರೀಕ್ಷೆ ಮುಗಿದ ಮೇಲೆ ಹೊಸದು ಮಾಡಿಸಿದರೆ ಆಗಲ್ವಾ? ಇದನ್ನು ಎಷ್ಟು ವರ್ಷ ಅಂತ ಹಾಕೋದು?

ಉತ್ತರ: ಆಗಲ್ಲ ತಾಯಿ. ಈ ವಾರವೇ ಕರೆದುಕೊಂಡು ಹೋಗಿ. ಈಗ ಹೋದರೆ ಅಳತೆ ತೆಗೆದುಕೊಂಡು ಹೊಸದು ಮಾಡಿಕೊಡುತ್ತಾರೆ, ಕೆಲವೇ ದಿನದ ಕೆಲಸ. ಪರೀಕ್ಷೆ ಮುಗಿಯುವ ಹೊತ್ತಿಗೆ ಹಲ್ಲು ಸರಿದಿದ್ದರೆ, ಆಗ ಮಾಡಿಸಿದ ರಿಟೇನರ್ ಆ ಸರಿದ ಹಲ್ಲಿನ ಅಳತೆಗೇ ಬರುತ್ತದೆ. ಸೊಟ್ಟಗಾದದ್ದನ್ನು ನೆಟ್ಟಗೆ ಮಾಡುವುದು ಅದರ ಕೆಲಸವಲ್ಲ, ಇದ್ದದ್ದನ್ನು ಇದ್ದಲ್ಲೇ ಹಿಡಿದಿಡುವುದಷ್ಟೇ.

ನಾಲ್ಕು ತಿಂಗಳಾಯ್ತಲ್ಲ, ಇನ್ನೂ ಗಟ್ಟಿಯಾಗಿಲ್ವಾ ಅಂತ ಕೇಳಬಹುದು. ಹಲ್ಲು ದವಡೆ ಮೂಳೆಗೆ ನೇರವಾಗಿ ಅಂಟಿಕೊಂಡಿರುವುದಿಲ್ಲ. ಬೇರಿನ ಸುತ್ತ ಸಣ್ಣ ಸಣ್ಣ ನಾರುಗಳಿವೆ, ಅವು ಹಲ್ಲನ್ನು ಮೂಳೆಗೂ ಒಸಡಿಗೂ ಕಟ್ಟಿ ಹಿಡಿದಿರುತ್ತವೆ. ಕ್ಲಿಪ್ ಹಾಕಿ ಹಲ್ಲು ಸರಿಸಿದಾಗ ಈ ನಾರುಗಳೂ ಎಳೆದುಕೊಂಡು, ತಿರುಚಿಕೊಂಡು ಜೊತೆಗೆ ಬಂದಿರುತ್ತವೆ. ಮೂಳೆ ಕಡೆಯವು ಹೊಸ ಜಾಗಕ್ಕೆ ಹೊಂದಿಕೊಳ್ಳಲು 3-4 ತಿಂಗಳು ಬೇಕು. ಒಸಡಿನ ಕಡೆಯವಕ್ಕೆ 4-6 ತಿಂಗಳು. ಒಸಡಿನಲ್ಲೇ ಇನ್ನೊಂದು ಜಾತಿಯ ನಾರಿದೆ, ರಬ್ಬರ್ ಬ್ಯಾಂಡಿನಂತೆ ಹಿಗ್ಗುವಂಥದ್ದು. ಅದಂತೂ ಒಂದು ವರ್ಷದವರೆಗೂ ಹಲ್ಲನ್ನು ಹಳೇ ಜಾಗಕ್ಕೆ ಜಗ್ಗುತ್ತಲೇ ಇರುತ್ತದೆ. ಮೊದಲು ತಿರುಗಿಕೊಂಡಿದ್ದ ಹಲ್ಲು, ಮುಂದಿನ ಎರಡು ಹಲ್ಲಿನ ನಡುವೆ ಇದ್ದ ಸಂದು, ಇವೆರಡು ಮಹಾ ಹಟಮಾರಿಗಳು. ನಿಮ್ಮ ಮಗಳಿಗೆ ಇವುಗಳಲ್ಲಿ ಯಾವುದಾದರೂ ಇದ್ದಿದ್ದರೆ ಒಂದು ದಿನವೂ ತಡ ಮಾಡಬೇಡಿ.

ಎಷ್ಟು ದಿನ ಹಾಕಬೇಕು ಅನ್ನುವುದಕ್ಕೆ ಬರೋಣ. ಮೊದಲ ಕೆಲವು ತಿಂಗಳು, ಊಟ ಮತ್ತು ಬ್ರಷ್ ಮಾಡುವ ಹೊತ್ತು ಬಿಟ್ಟು ಇಡೀ ದಿನ ಹಾಕಿಸುವುದು ರೂಢಿ. ಆಮೇಲೆ ರಾತ್ರಿ ಮಾತ್ರ. ಯಾವಾಗ ಬದಲಾಯಿಸಬೇಕು ಅನ್ನುವುದನ್ನು ಹಲ್ಲು ನೋಡಿ ನಿಮ್ಮ ಡಾಕ್ಟರೇ ಹೇಳಬೇಕು. ರಾತ್ರಿ ಹಾಕುವುದು ಎಲ್ಲಿಯವರೆಗೆ? ಹಲ್ಲು ನೆಟ್ಟಗಿರಬೇಕು ಅಂತ ಆಸೆ ಇರುವವರೆಗೆ! ತಮಾಷೆ ಮಾಡುತ್ತಿಲ್ಲ. ಜನ್ಮದಲ್ಲಿ ಕ್ಲಿಪ್ ಹಾಕಿಸದವರಿಗೂ ವಯಸ್ಸಾಗುತ್ತಾ ಕೆಳಗಿನ ಮುಂದಿನ ಹಲ್ಲುಗಳು ಒತ್ತೊತ್ತಾಗುತ್ತವೆ, ನಿಮ್ಮ ಮನೆಯ ಹಿರಿಯರನ್ನೇ ನೋಡಿ. ಕ್ಲಿಪ್ ತೆಗೆದ ದಿನ ಕೇಕ್ ಕತ್ತರಿಸಿ 'ಮುಗೀತು' ಅನ್ನುವುದು ನನಗೆ ಹಿಡಿಸುವುದಿಲ್ಲ. ರಿಟೇನರ್ ಎಷ್ಟು ವರ್ಷ, ಕಳೆದರೆ ಖರ್ಚೆಷ್ಟು ಅನ್ನುವುದನ್ನೆಲ್ಲ ಮೊದಲ ದಿನ ದುಡ್ಡಿನ ಮಾತಾಡುವಾಗಲೇ ಡಾಕ್ಟರ್ ಹೇಳಿಬಿಡಬೇಕು. ಎಷ್ಟೋ ಕಡೆ ಹೇಳುವುದಿಲ್ಲ, ಮನೆಯವರೂ ಕೇಳುವುದಿಲ್ಲ.

ಖರ್ಚಿನ ಚಿಂತೆ ಇದ್ದರೆ ನಿಮ್ಮೂರಲ್ಲೇ ಬಾಪೂಜಿ ಡೆಂಟಲ್ ಕಾಲೇಜು, ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಎರಡೂ ಇವೆ. ಅಲ್ಲಿನ ಆರ್ಥೋಡಾಂಟಿಕ್ಸ್ (ಹಲ್ಲು ನೆಟ್ಟಗೆ ಮಾಡುವ) ವಿಭಾಗದಲ್ಲಿ ಒಮ್ಮೆ ವಿಚಾರಿಸಿ. ಸಾಧ್ಯವಾದರೆ ಒಂದೇ ಅಳತೆಗೆ ಎರಡು ಜೊತೆ ಮಾಡಿಸಿ, ಒಂದು ಮನೆಯಲ್ಲೇ ಇರಲಿ.

ಇನ್ನು ಆ ಟಿಶ್ಯೂ ಪೇಪರ್. ರಿಟೇನರ್ ಕಳೆದುಹೋಗುವುದೇ ಹೋಟೆಲ್ ಟೇಬಲ್ ಮೇಲೆ. ಬಾಯಲ್ಲಿಲ್ಲ ಅಂದರೆ ಡಬ್ಬಿಯಲ್ಲಿರಬೇಕು, ಮೂರನೇ ಜಾಗವೇ ಇಲ್ಲ ಅಂತ ಮಗಳಿಗೆ ಹೇಳಿ. ಡಬ್ಬಿಯನ್ನು ಏಪ್ರಿಲ್ ಬಿಸಿಲಿನಲ್ಲಿ ನಿಂತ ಸ್ಕೂಟರಿನ ಡಿಕ್ಕಿಯಲ್ಲೋ ಕಾರಿನೊಳಗೋ ಬಿಡಬೇಡಿ, ಆ ಪ್ಲಾಸ್ಟಿಕ್ ಕಾವಿಗೆ ಸೊಟ್ಟಗಾಗುತ್ತದೆ. ತೊಳೆಯುವುದೂ ತಣ್ಣೀರಲ್ಲೇ. ಮೆತ್ತಗಿನ ಬ್ರಷ್‌ಗೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಒಳಗೂ ಹೊರಗೂ ಉಜ್ಜಿ, ಚೆನ್ನಾಗಿ ತೊಳೆದರೆ ಸಾಕು. ಪೇಸ್ಟ್ ಬೇಡ. ಅದರಲ್ಲಿರುವ ತರಿ ಕಣ್ಣಿಗೆ ಕಾಣದಷ್ಟು ಸಣ್ಣ ಗೀರು ಮಾಡುತ್ತದೆ, ಆ ಗೀರುಗಳಲ್ಲಿ ಕೊಳೆ ಕೂತು ವಾಸನೆ ಬರುತ್ತದೆ. ಮನೆಯಲ್ಲಿ ನಾಯಿ ಇದ್ದರೆ ಎಟುಕದ ಕಡೆ ಇಡಿ, ಅವಕ್ಕೆ ಇದರ ವಾಸನೆ ಅಂದರೆ ಪ್ರಾಣ. ಹಾಕಿಕೊಂಡಾಗ ನೀರು ಬಿಟ್ಟು ಬೇರೇನೂ ಕುಡಿಯಬಾರದು. ಟೀಗೆ ಕಲೆಯಾಗುತ್ತದೆ, ಬಿಸಿಗೆ ಆಕಾರ ಕೆಡುತ್ತದೆ. ಜ್ಯೂಸ್ ಇನ್ನೂ ಕೆಟ್ಟದ್ದು, ಸಕ್ಕರೆ ಒಳಗೇ ನಿಂತು ಹಲ್ಲು ಹುಳುಕಾಗುತ್ತದೆ.

ಪ್ರಶ್ನೆ: ಸರ್, ನಾನು ಚಿತ್ರದುರ್ಗದಲ್ಲಿ ಶಾಲಾ ಶಿಕ್ಷಕ. ಕೆಳಗಿನ ಹಲ್ಲಿನ ಹಿಂದೆ ತೆಳು ತಂತಿ ಅಂಟಿಸಿದ್ದಾರೆ. ಮಿರ್ಚಿ ಮಂಡಕ್ಕಿ ತಿನ್ನುವಾಗ ಒಂದು ತುದಿ ಬಿಟ್ಟುಕೊಂಡಿದೆ, ನಾಲಿಗೆಗೆ ಚುಚ್ಚುತ್ತದೆ. ನೋವೇನಿಲ್ಲ. ನೇಲ್ ಕಟರ್‌ನಲ್ಲಿ ತುದಿ ಕತ್ತರಿಸಿಬಿಡಲೇ?

ಉತ್ತರ: ದಯವಿಟ್ಟು ಬೇಡ ಮೇಷ್ಟ್ರೇ. ತುಂಡು ಗಂಟಲಿಗೆ ಹೋದರೆ ಅದೊಂದು ಬೇರೆ ರಾಮಾಯಣ. ಡಾಕ್ಟರ್ ಹತ್ತಿರ ಹೋಗುವವರೆಗೆ, ಕ್ಲಿಪ್ ಹಾಕಿದ್ದಾಗ ಕೊಟ್ಟಿದ್ದ ಮೇಣವನ್ನು ಆ ತುದಿಗೆ ಒತ್ತಿಕೊಳ್ಳಿ. ಮೆಡಿಕಲ್ ಶಾಪ್‌ನಲ್ಲೂ ಆರ್ಥೋ ವ್ಯಾಕ್ಸ್ ಅಂತ ಕೇಳಿ ನೋಡಬಹುದು.

ಈ ತಂತಿಯೂ ಒಂದು ಬಗೆಯ ರಿಟೇನರೇ, ಹಲ್ಲಿಗೇ ಅಂಟಿಸಿದ್ದು. ಸಾಮಾನ್ಯವಾಗಿ ಈ ಕಡೆಯ ಕೋರೆ ಹಲ್ಲಿನಿಂದ ಆ ಕಡೆಯ ಕೋರೆ ಹಲ್ಲಿನವರೆಗೆ, ಆರು ಹಲ್ಲಿಗೆ ಇರುತ್ತದೆ. ಒಂದರಿಂದ ಬಿಟ್ಟುಕೊಂಡರೆ ಆ ಹಲ್ಲಿಗೆ ಕಾವಲಿಲ್ಲ, ಅದೊಂದೇ ಮೆಲ್ಲಗೆ ಸರಿಯುತ್ತದೆ. ನೋವಿಲ್ಲದಿರುವುದೇ ತೊಂದರೆ, ಗೊತ್ತಾಗುವಷ್ಟರಲ್ಲಿ ತಡವಾಗಿರುತ್ತದೆ. ತಂತಿ ಬಗ್ಗಿದ್ದರಂತೂ ಅದೇ ಹಲ್ಲನ್ನು ತಪ್ಪು ದಿಕ್ಕಿಗೆ ತಳ್ಳಬಹುದು. ಬೇಗ ಹೋದರೆ ಅಲ್ಲೇ ಕೂರಿಸಿ ಮತ್ತೆ ಅಂಟಿಸುತ್ತಾರೆ. ಹೋದಾಗ ಕ್ಲೀನಿಂಗ್ ಕೂಡ ಮಾಡಿಸಿಕೊಳ್ಳಿ. ಕೆಳಗಿನ ಮುಂದಿನ ಹಲ್ಲಿನ ಹಿಂಭಾಗದಲ್ಲಿ ಮೊದಲೇ ಕಲ್ಲು ಕಟ್ಟುವುದು ಜಾಸ್ತಿ, ತಂತಿ ಇದ್ದರೆ ಕೇಳುವುದೇ ಬೇಡ. ಹಲ್ಲಿನ ಸಂದಿಗೆ ಹಾಕುವ ಪುಟ್ಟ ಬ್ರಷ್ ಬರುತ್ತದೆ, ರಾತ್ರಿ ಅದನ್ನು ತಂತಿಯ ಕೆಳಗಿನಿಂದ ತೂರಿಸಿ ಉಜ್ಜಿ.

ಪ್ರಶ್ನೆ: ಹಿರಿಯೂರಿನಿಂದ ಬರೆಯುತ್ತಿದ್ದೇನೆ ಸರ್, ವಯಸ್ಸು 34. ಕಾಲೇಜಿನಲ್ಲಿದ್ದಾಗ ಕ್ಲಿಪ್ ಹಾಕಿಸಿದ್ದೆ. ಮದುವೆಯಾದ ಮೇಲೆ ರಿಟೇನರ್ ಬಿಟ್ಟೇಬಿಟ್ಟೆ. ಈಗ ಕೆಳಗಿನ ಹಲ್ಲು ಒಂದರ ಮೇಲೊಂದು ಹತ್ತಿವೆ. ಬುದ್ಧಿ ಹಲ್ಲು ತಳ್ಳಿದ್ದರಿಂದ ಹೀಗಾಗಿದೆ, ಕೀಳಿಸು ಅಂತಾರೆ. ಹಳೇ ರಿಟೇನರ್ ಬೀರುವಿನಲ್ಲಿ ಸಿಕ್ಕಿದೆ, ಅದನ್ನೇ ಒತ್ತಿ ಹಾಕಿಕೊಂಡರೆ ಸರಿಹೋಗುತ್ತಾ?

ಉತ್ತರ: ಬುದ್ಧಿ ಹಲ್ಲಿನ ಮೇಲೆ ಸುಮ್ನೆ ಅಪವಾದ. ಅದು ಹುಟ್ಟದೇ ಇರುವವರಿಗೂ ಮುಂದಿನ ಹಲ್ಲು ಒತ್ತಾಗುತ್ತವೆ. ನೋವು, ಕೀವು, ಹುಳುಕು ಇದ್ದರೆ ಕೀಳಿಸಿ. ಮುಂದಿನ ಹಲ್ಲು ನೆಟ್ಟಗಾಗುತ್ತದೆ ಅಂತ ಕೀಳಿಸಬೇಡಿ.

ಹಳೇ ರಿಟೇನರ್ ವಿಷಯ. ಬೆರಳಿನಲ್ಲಿ ಮೆಲ್ಲಗೆ ಒತ್ತಿದಾಗ ಪೂರ್ತಿ ಕೂತು, ಸ್ವಲ್ಪ ಬಿಗಿ ಅನ್ನಿಸಿದರೆ ಪರವಾಗಿಲ್ಲ. ಒಂದೆರಡು ವಾರ ಬಿಟ್ಟವರಿಗೆ ಹಾಗಾಗುತ್ತದೆ, ಕೆಲವು ದಿನ ಜಾಸ್ತಿ ಹೊತ್ತು ಹಾಕಿಕೊಂಡರೆ ಬಿಗಿ ಕಡಿಮೆಯಾಗುತ್ತದೆ. ನಿಮ್ಮದು ಅಷ್ಟು ವರ್ಷದ ಕಥೆ, ಕೂರುವುದು ಅನುಮಾನ. ಹಲ್ಲಿಗೂ ಪ್ಲಾಸ್ಟಿಕ್‌ಗೂ ನಡುವೆ ಸಂದು ಕಂಡರೆ ಬಿಟ್ಟುಬಿಡಿ. ಕಚ್ಚಿ ಕೂರಿಸುವುದು, ಬಿಸಿ ನೀರಲ್ಲಿ ಮೆತ್ತಗೆ ಮಾಡುವುದು ಯಾವುದೂ ಬೇಡ, ಹಲ್ಲಿಗೂ ಒಸಡಿಗೂ ಪೆಟ್ಟು.

ಮತ್ತೆ ನೆಟ್ಟಗೆ ಮಾಡಿಸಿಕೊಳ್ಳಬಹುದಾ ಅಂದರೆ, ಖಂಡಿತ ಮಾಡಿಸಬಹುದು. ಒಸಡು, ಮೂಳೆ ಚೆನ್ನಾಗಿದ್ದರೆ 34 ದೊಡ್ಡ ವಯಸ್ಸಲ್ಲ. ಮುಂದಿನ ಕೆಲವೇ ಹಲ್ಲು ಕೆಟ್ಟಿದ್ದರೆ ಸ್ವಲ್ಪ ತಿಂಗಳು ಕ್ಲಿಪ್ ಅಥವಾ ಅಲೈನರ್‌ನಲ್ಲಿ (ಹಲ್ಲು ಸರಿಸುವ ಟ್ರಾನ್ಸ್‌ಪರೆಂಟ್ ಪ್ಲಾಸ್ಟಿಕ್ ಅಚ್ಚು) ಆಗಬಹುದು, ಆಮೇಲೆ ಹಿಂದೆ ತಂತಿ ಅಂಟಿಸಿಕೊಳ್ಳಿ. ಚಿತ್ರದುರ್ಗದ ಎಸ್‌ಜೆಎಂ ಡೆಂಟಲ್ ಕಾಲೇಜಿಗೆ ಹೋಗಿ ತೋರಿಸಬಹುದು. ಹೋಗುವಾಗ ಹಳೇ ಎಕ್ಸ್‌ರೇ, ಫೋಟೋ, ಆ ಬೀರುವಿನ ರಿಟೇನರ್ ಎಲ್ಲ ತೆಗೆದುಕೊಂಡು ಹೋಗಿ. ಯಾವ ಹಲ್ಲು ಎಷ್ಟು ಸರಿದಿದೆ ಅನ್ನುವುದು ಅವರಿಗೆ ನೋಡಿದ ಕೂಡಲೇ ತಿಳಿಯುತ್ತದೆ.