ಗುಣಾಕಾರ ಬಿಟ್ಟು ಊಟಕ್ಕೆ ಕೂರಿ

ಗೋಣಿಕೊಪ್ಪದಿಂದ ನೀವು ಕಳಿಸಿದ ಪ್ರಶ್ನೆಗಳನ್ನು ಕೊಡಗಿನ ನಾಪೋಕ್ಲು ಹತ್ತಿರದ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಓದಿದೆ. ಜರ್ಮನಿಯಿಂದ ರಜೆಗೆ ಬಂದು ಹನ್ನೆರಡು ದಿನವಾಯಿತು, ಹನ್ನೆರಡು ದಿನವೂ ಮಳೆ. ನಿನ್ನೆ ಮಧ್ಯಾಹ್ನ ಹೋದ ಕರೆಂಟು ಇನ್ನೂ ಬಂದಿಲ್ಲ. ಮೊಬೈಲಿನಲ್ಲಿ ಉಳಿದಿರುವ ಜೀವದಲ್ಲಿ ಇಷ್ಟನ್ನು ಬರೆದು ಮುಗಿಸಬೇಕು.

ಮದುವೆಯಾಗಿ ನಾಲ್ಕು ತಿಂಗಳು; ಸೆಪ್ಟೆಂಬರಿನಲ್ಲಿ ಇಬ್ಬರೂ ಜರ್ಮನಿಯ ಮ್ಯಾನ್‌ಹೈಮ್‌ಗೆ ಹೊರಟಿದ್ದೀರಿ. ಹೊರಗೆ ಊಟ ಮಾಡಿದರೆ ತಿಂಗಳಿಗೆ ಎಷ್ಟು ಖರ್ಚು, ಮನೆಯಲ್ಲೇ ಬೇಯಿಸಿಕೊಂಡರೆ ಎಷ್ಟು ಉಳಿತಾಯ, ಇಲ್ಲಿಂದ ಏನೇನು ಹೊತ್ತುಕೊಂಡು ಹೋಗಬೇಕು, ಹಂದಿ ಮಾಂಸ ಸಿಗುತ್ತದೆಯೇ ಎಂದು ಕೇಳಿದ್ದೀರಿ.

ಕೊನೆಯದು ಸುಲಭ. ಜರ್ಮನಿಗೆ ಹೊರಟವರು ಹಂದಿ ಮಾಂಸ ಸಿಗುತ್ತದೆಯೇ ಎಂದು ಕೇಳುವುದು ಭಾಗಮಂಡಲದಲ್ಲಿ ಮಳೆ ಬರುತ್ತದೆಯೇ ಎಂದು ಕೇಳಿದ ಹಾಗೆ. ಆದರೆ ಸೂಪರ್‌ಮಾರ್ಕೆಟ್ಟಿನ ಪೊಟ್ಟಣದಲ್ಲಿ ಹೆಚ್ಚಾಗಿ ಇರುವುದು ಚರ್ಮವನ್ನೂ ಕೊಬ್ಬನ್ನೂ ಹೆರೆದು ತೆಗೆದ ಬಡಪಾಯಿ ತುಂಡು. ಅದರಲ್ಲಿ ಪಂದಿ ಕರಿ ಮಾಡಿದರೆ ಸತ್ತ ಅಜ್ಜಿಗೂ ಬೇಸರವಾದೀತು. ಮಾಂಸದ ಅಂಗಡಿಗೇ ಹೋಗಿ ‘ಶ್ವೈನೆಬೌಖ್ ಮಿಟ್ ಶ್ವಾರ್ಟೆ’ ಎನ್ನಿ. ಚರ್ಮ ಸಹಿತವಾದ ಹೊಟ್ಟೆಯ ಮಾಂಸ ಕೊಡುತ್ತಾರೆ. ತುಂಡು ಎಷ್ಟು ಗಾತ್ರ ಇರಬೇಕೆಂದು ನಿಮಗೆ ಹೇಳಬೇಕಾಗಿಲ್ಲ, ಅಂಗಡಿಯವನಿಗೆ ಬೆರಳಿನಲ್ಲಿ ತೋರಿಸಿ. ಮಸಾಲೆ ಹುರಿಯುವಾಗ ಮಾತ್ರ ಕಿಟಕಿ ಪೂರ್ತಿ ತೆರೆದಿರಲಿ. ಕೊತ್ತಂಬರಿ, ಜೀರಿಗೆ, ಮೆಣಸನ್ನು ನಾವು ಕಪ್ಪಾಗುವವರೆಗೆ ಹುರಿಯುವವರು. ಅಲ್ಲಿನ ಮನೆಗಳ ಚಾವಣಿಯಲ್ಲಿ ಹೊಗೆ ಕಂಡರೆ ಕಿರುಚುವ ಯಂತ್ರ ಈಗ ಕಡ್ಡಾಯ. ನಮ್ಮದು ಮೊದಲ ಸಲ ಕಿರುಚಿದಾಗ ಮೇಲಿನ ಮನೆಯವರು ಮಗುವನ್ನು ಎತ್ತಿಕೊಂಡು ಬೀದಿಗೆ ಇಳಿದಿದ್ದರು. ತಪ್ಪು ಕಾಣಿಕೆಯೆಂದು ಅದೇ ಕರಿಯನ್ನು ಒಂದು ಬಟ್ಟಲು ಕೊಟ್ಟೆವು. ಮರುದಿನ ಬಟ್ಟಲು ಪಳಪಳ ತೊಳೆದು ವಾಪಸ್ ಬಂತು, ಖಾಲಿಯಾಗಿ. ಖಾಲಿ ಪಾತ್ರೆ ಹಿಂದಿರುಗಿಸಬಾರದು ಎಂಬ ನಮ್ಮ ಸಂಕೋಚ ಅಲ್ಲಿಲ್ಲ; ಬೇಸರ ಮಾಡಿಕೊಳ್ಳಬೇಡಿ.

ಹೊರೆಯ ವಿಷಯ. ಪಂದಿ ಕರಿಗೆ ಹಾಕುವ ಕಪ್ಪು ಹುಳಿ, ಕಾಚಂಪುಳಿ, ಬೇಕೇ ಬೇಕು, ಅದಕ್ಕೆ ಅಲ್ಲಿ ಬದಲಿ ಇಲ್ಲ. ಮುಚ್ಚಳಕ್ಕೆ ಮೇಣ ಹಚ್ಚಿ, ಮೂರು ಸುತ್ತು ಚೀಲದಲ್ಲಿ ಕಟ್ಟಿ. ನನ್ನದು ದಾರಿಯಲ್ಲಿ ಸೋರಿ, ಕೆಲಸದ ಮೊದಲ ದಿನಕ್ಕೆಂದು ಹೊಲಿಸಿದ ಬಿಳಿ ಅಂಗಿ ಇವತ್ತಿಗೂ ನೆಲ ಒರೆಸುವ ಬಟ್ಟೆ. ಅತ್ತೆ ಕೊಟ್ಟ ತುಪ್ಪ ಬೇಡ. ಹೊರಗಿನಿಂದ ಹಾಲಿನ ಪದಾರ್ಥವನ್ನೂ ಮಾಂಸವನ್ನೂ ಯುರೋಪಿನ ಒಕ್ಕೂಟ ಒಳಗೆ ಬಿಡುವುದಿಲ್ಲ. ಒಲೆಯ ಮೇಲೆ ಕಟ್ಟಿ ಒಣಗಿಸಿದ್ದೂ ಮಾಂಸವೇ, ಜಾಣತನ ತೋರಿಸಬೇಡಿ. ಜೇನು ತಲೆಗೆ ಎರಡು ಕೆ.ಜಿ.ವರೆಗೆ ಆಗುತ್ತದೆ. ಹಣ್ಣು ತರಕಾರಿಗೆ ಸರ್ಟಿಫಿಕೇಟು ಕೇಳುತ್ತಾರೆ, ತೆಂಗಿನಕಾಯಿಯಂಥ ಕೆಲವಕ್ಕೆ ಮಾತ್ರ ಕೇಳುವುದಿಲ್ಲ. ಹಾಗೆಂದು ತೆಂಗಿನಕಾಯಿ ಹೊತ್ತುಕೊಂಡು ಹೋಗಿ ಎಂದು ನಾನು ಹೇಳುತ್ತಿಲ್ಲ. ಕಡಂಬುಟ್ಟಿಗೆ (ಅಕ್ಕಿ ತರಿಯ ಉಂಡೆಗೆ) ಬೇಕಾದ ತರಿಯನ್ನೂ ಹೊರಬೇಡಿ, ಇಂಡಿಯನ್ ಅಂಗಡಿಯ ಇಡ್ಲಿ ರವೆಯಲ್ಲಿ ಬರುತ್ತದೆ. ಉಂಡೆ ಸ್ವಲ್ಪ ಬಿರುಸು, ಅಷ್ಟೇ. ಕಾಫಿಯ ಮಾತು ಎತ್ತಿದರೆ ನನಗೆ ಸಿಟ್ಟು ಬರುತ್ತದೆ. ನಮ್ಮ ರೊಬಸ್ಟಾ ಯುರೋಪಿಗೆ ಹಡಗು ಹತ್ತಿ ಹೋಗುತ್ತದೆ, ಅದನ್ನೇ ನಾವು ಅಲ್ಲಿ ಹುರಿದ ಕೆ.ಜಿ.ಗೆ 2.19 ಯೂರೋ ಕಾಫಿ ತೆರಿಗೆ ಸೇರಿಸಿ ಕೊಳ್ಳುತ್ತೇವೆ.

ನಮ್ಮ ಅಕ್ಕಿ ಶಾವಿಗೆ ನೂಪುಟ್ಟಿನ ಒತ್ತು ಮಾತ್ರ ಎಷ್ಟೇ ಭಾರವಾದರೂ ಒಯ್ಯಿರಿ. ಅಲ್ಲಿ ಷ್ಪೆಟ್ಸ್‌ಲೆ ಎಂಬ ಹಿಟ್ಟಿನ ತಿನಿಸಿಗೆ ಒಂದು ಒತ್ತು ಸಿಗುತ್ತದೆ. ನಾವು ಅದರಲ್ಲಿ ಪ್ರಯತ್ನಿಸಿ ನೋಡಿದೆವು. ಎಳೆಗಳು ಎರೆಹುಳದಷ್ಟು ದಪ್ಪ ಬಂದವು. ಅದೇ ಷ್ಪೆಟ್ಸ್‌ಲೆ ಒತ್ತಿನಲ್ಲಿ ಐಸ್‌ಕ್ರೀಮ್ ಒತ್ತಿ, ಮೇಲೆ ಸ್ಟ್ರಾಬೆರಿ ರಸ ಸುರಿದು ಸ್ಪಗೆಟ್ಟಿಯಂತೆ ಕಾಣುವ ಸಿಹಿಯನ್ನು 1969ರಲ್ಲಿ ಡಾರಿಯೋ ಫೋಂಟನೆಲ್ಲಾ ಎಂಬಾತ ಕಂಡುಹಿಡಿದದ್ದು ನೀವು ಹೋಗುತ್ತಿರುವ ಮ್ಯಾನ್‌ಹೈಮ್‌ನಲ್ಲೇ. ಅದನ್ನು ಮೊದಲ ಸಲ ಮೇಜಿನ ಮೇಲೆ ನೋಡಿದ ನನ್ನ ಹೆಂಡತಿ, “ನೂಪುಟ್ಟಿಗೆ ಚಳಿಯಾಗಿದೆ” ಎಂದಳು. ಒಂದು ತಟ್ಟೆ ತೆಗೆದುಕೊಂಡು ಇಬ್ಬರೂ ಹಂಚಿಕೊಂಡೆವು. ಎರಡು ತೆಗೆದುಕೊಳ್ಳಲು ನಾನು ಬಿಡಲಿಲ್ಲ.

ಹೇಳಬೇಕಾದ ಮಾತಿಗೆ ಇಲ್ಲಿಂದ ಬರುತ್ತೇನೆ.

ನಾವು ಇಳಿದದ್ದು 2011ರ ಆಗಸ್ಟ್ ಕೊನೆಯ ಒಂದು ಶನಿವಾರ ರಾತ್ರಿ. ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುತ್ತವೆ ಎಂದು ಯಾರೂ ಹೇಳಿರಲಿಲ್ಲ. ಬಾಡಿಗೆ ಮನೆಯ ಬಾಗಿಲು ತೆರೆದರೆ ಅಡುಗೆ ಮನೆಯೆಂಬ ಕೋಣೆಯಲ್ಲಿ ಗೋಡೆಯಿಂದ ಚಾಚಿದ ಎರಡು ನೀರಿನ ಕೊಳವೆಗಳಷ್ಟೇ ಇದ್ದವು. ಒಲೆ ಇಲ್ಲ, ಕಟ್ಟೆ ಇಲ್ಲ, ತೊಟ್ಟಿಯೂ ಇಲ್ಲ. ಹಳೆಯ ಬಾಡಿಗೆದಾರರು ಅಡುಗೆ ಮನೆಯನ್ನೇ ಕಳಚಿಕೊಂಡು ಹೋಗುವುದು ಆ ದೇಶದಲ್ಲಿ ಸಹಜ. ನೀವು ಮನೆ ನೋಡುವಾಗ ಒಲೆ, ತೊಟ್ಟಿ ಇವೆಯೇ ಎಂದು ಮೊದಲೇ ಕೇಳಿ. ಹಾಗಾಗಿ ಆ ಭಾನುವಾರ ರಾತ್ರಿ ಹೋಟೆಲಿಗೆ ಹೋದೆವು.

ನೀರು ಕೇಳಿದೆ. ಬಾಟಲಿ ತಂದು ತೆರೆದರು. ಊಟದ ಪಟ್ಟಿಯಲ್ಲಿ ನೋಡಿದರೆ ಮುಕ್ಕಾಲು ಲೀಟರಿಗೆ ಐದೂವರೆ ಯೂರೋ. ಆಗ ಯೂರೋಗೆ ಅರವತ್ತಾರು ರೂಪಾಯಿಯ ಆಸುಪಾಸು. ತಲೆ ತಾನಾಗಿಯೇ ಗುಣಿಸಿತು: ಮುನ್ನೂರ ಅರವತ್ತು ರೂಪಾಯಿಯ ನೀರು! ಅಂಗಳಕ್ಕೆ ಕಾಲಿಟ್ಟವರಿಗೆ ಕೇಳುವ ಮೊದಲೇ ಚೊಂಬು ಕೊಡುವ ಮನೆಯವನು ನಾನು. ಒಂದೇ ಊಟ ಹೇಳಿ, “ನನಗೆ ಹಸಿವಿಲ್ಲ” ಎಂದೆ. ಅವಳೂ ಅರ್ಧ ತಿಂದು ತಟ್ಟೆಯನ್ನು ನನ್ನತ್ತ ಸರಿಸಿ, “ನನಗೂ ಇಲ್ಲ” ಎಂದಳು. ಇಬ್ಬರಿಗೂ ಹಸಿವಿತ್ತು.

ಅಲ್ಲಿಂದ ಈ ಗುಣಾಕಾರದ ಚಟ ಹತ್ತಿತು. ಅರವತ್ತಾರರ ಮಗ್ಗಿಯಲ್ಲಿ ಕಾಫಿ, ಬ್ರೆಡ್ಡು, ಬಸ್ಸು ಎಲ್ಲವೂ ಪಾಪವಾಗಿ ಕಾಣತೊಡಗಿದವು. ಸಹೋದ್ಯೋಗಿಗಳು ಊಟಕ್ಕೆ ಕರೆದರೆ ತಪ್ಪಿಸಿಕೊಳ್ಳುತ್ತಿದ್ದೆ. ಅಲ್ಲಿ ಒಟ್ಟಿಗೆ ಹೋದರೂ ಅವರವರ ಬಿಲ್ಲು ಅವರವರದೇ, ‘ಒಟ್ಟಿಗೋ ಬೇರೆ ಬೇರೆಯೋ’ ಎಂದು ಬಡಿಸುವವರೇ ಕೇಳುತ್ತಾರೆ. ಇದು ತಿಳಿದ ಮೇಲೂ ಹೋಗಲಿಲ್ಲ. ಟಿಪ್ಸ್ ಐದರಿಂದ ಹತ್ತು ಶೇಕಡಾ, ದುಡ್ಡು ಕೊಡುವಾಗಲೇ ಸೇರಿಸಿ ಹೇಳಿಬಿಡಬೇಕು. ‘ಷ್ಟಾಮ್‌ಟಿಷ್’ ಎಂದು ಬರೆದ ಮೇಜು ಊರಿನ ಖಾಯಂ ಗಿರಾಕಿಗಳದ್ದು, ಅಲ್ಲಿ ಕೂರಬೇಡಿ. ಹೊರಗಿನ ಊಟದ ಬಗ್ಗೆ ಇಷ್ಟು ಸಾಕು.

ಪುಕ್ಕಟೆ ಊಟ ಎಲ್ಲಿದೆ ಎಂದು ಹುಡುಕುವ ಮನಸ್ಸು ಅಕ್ಟೋಬರಿನಲ್ಲಿ ನಮ್ಮನ್ನು ಓಡನ್‌ವಾಲ್ಡ್ ಕಾಡಿಗೆ ಕರೆದೊಯ್ದಿತು. ಮಳೆ ಬಿದ್ದು ಬಿಟ್ಟಿತ್ತು, ಮರದ ಬುಡದಲ್ಲಿ ಅಣಬೆಗಳು. ಮನೆ ಬಳಕೆಗೆ ಸ್ವಲ್ಪ ಆರಿಸಿಕೊಳ್ಳಲು ಅಲ್ಲಿ ಅಡ್ಡಿಯಿಲ್ಲ. ನಮಗೆ ಅಣಬೆ ಯಾರು ಕಲಿಸಬೇಕು? ಓಕ್ ಮರದಡಿ ಮೊಟ್ಟೆಯೊಡೆದು ಬರುತ್ತಿದ್ದ ಬಿಳಿ ಮೊಗ್ಗುಗಳನ್ನು ಕಾಗದದ ಚೀಲದ ತುಂಬ ತಂದೆವು. ಮೆಟ್ಟಿಲಿನಲ್ಲಿ ಕೆಳಮನೆಯ ಅಜ್ಜಿ ಎದುರಾದರು. ಚೀಲದೊಳಗೆ ಇಣುಕಿ ಒಂದನ್ನು ಎತ್ತಿಕೊಂಡು ಬುಡದ ಮಣ್ಣನ್ನು ಹೆಬ್ಬೆರಳಿನಿಂದ ತಿಕ್ಕಿದರು. ಬುಡ ಗಡ್ಡೆಯಂತೆ ಊದಿತ್ತು, ಸುತ್ತ ಹರಿದ ಚೀಲದಂಥ ಪೊರೆ. ಏನೂ ಮಾತಾಡದೆ ಚೀಲವನ್ನು ನನ್ನ ಕೈಯಿಂದ ತೆಗೆದುಕೊಂಡು ಕಸದ ಡಬ್ಬಿಗೆ ಹಾಕಿದರು, ನನ್ನನ್ನು ನಲ್ಲಿಗೆ ಎಳೆದುಕೊಂಡು ಹೋಗಿ ಕೈ ತೊಳೆಸಿದರು. ಅವು ಕ್ನೊಲ್ಲನ್‌ಬ್ಲೆಟರ್‌ಪಿಲ್ಟ್ಸ್ ಎಂಬ ವಿಷದ ಅಣಬೆ. ಬೇಯಿಸಿದರೂ ವಿಷ ಹೋಗುವುದಿಲ್ಲ. ತಿಂದ ಎಷ್ಟೋ ಗಂಟೆಗಳ ನಂತರ ವಾಂತಿ ಭೇದಿ, ಮಧ್ಯೆ ಗುಣವಾದಂತೆ ಅನಿಸಿ, ಆಮೇಲೆ ಪಿತ್ತಜನಕಾಂಗ ಕೆಡುತ್ತದೆ. ನಮ್ಮ ಕಡೆ ಹುತ್ತದ ಮೇಲೆ ಎದ್ದ ಅಣಬೆಯನ್ನು ಕಣ್ಣು ಮುಚ್ಚಿ ತರುತ್ತೇವೆ. ಆ ಕಾಡಿನಲ್ಲಿ ಹುತ್ತವೇ ಇಲ್ಲ ಎಂಬುದು ನನಗೆ ಹೊಳೆದಿರಲಿಲ್ಲ. ಗೊತ್ತಿದ್ದವರಿಗೆ ತೋರಿಸದೆ ಅಲ್ಲಿನ ಕಾಡಿನದೇನನ್ನೂ ಒಲೆಗೆ ಇಡಬೇಡಿ. ಅಣಬೆ ನೋಡಿ ಹೇಳಲೆಂದೇ ಪರಿಣತರು ಇರುತ್ತಾರೆ.

ಅದರಿಂದ ಪಾರಾದೆವು. ಪಾರಾಗದ್ದು ಇನ್ನೊಂದು.

ಮರುವರ್ಷ ಏಪ್ರಿಲ್‌ನಲ್ಲಿ ನನ್ನವಳಿಗೆ ಮೂರು ತಿಂಗಳು. ಮ್ಯಾನ್‌ಹೈಮ್ ಪಕ್ಕದ ಶ್ವೆಟ್ಸಿಂಗನ್ ಕಡೆಯೆಲ್ಲ ಶ್ಪಾರ್ಗೆಲ್ ಬೆಳೆಯುವ ಮರಳು ನೆಲ. ಶತಾವರಿಯ ಕುಲದ ಗಿಡ ಅದು. ಬಿಸಿಲು ತಾಗದಂತೆ ಮಣ್ಣು ಏರಿಸಿ ಬೆಳೆಸುವುದರಿಂದ ಮೊಳಕೆ ಬೆಳ್ಳಗಿರುತ್ತದೆ. ರಸ್ತೆ ಬದಿಯ ಮರದ ಗುಡಿಸಲಿನಲ್ಲಿ ಅದನ್ನು ಸಾಲಾಗಿ ಮಲಗಿಸಿಟ್ಟಿದ್ದರು. ಬಸ್ಸಿನ ಕಿಟಕಿಯಿಂದ ಕಂಡವಳೇ ನನ್ನ ತೋಳು ಹಿಡಿದಳು. “ಕಣಿಲೆ!” ನಮ್ಮ ಎಳೆ ಬಿದಿರಿನ ಮೊಳಕೆಯ ಹಾಗೇ ಕಂಡಿತ್ತು ಅವಳಿಗೆ. ಆ ತಿಂಗಳು ಅವಳಿಗೆ ಬ್ರೆಡ್ಡೂ ಸೇರುತ್ತಿರಲಿಲ್ಲ, ಅನ್ನವೂ ಸೇರುತ್ತಿರಲಿಲ್ಲ. ರಾತ್ರಿ ತಾಯಿಗೆ ಫೋನು ಮಾಡಿ ಕೇಳಿದಳು. “ಕಣಿಲೆ ಉಷ್ಣ, ಈಗ ಬೇಡ. ಅದು ಕಣಿಲೆ ಅಲ್ಲದಿದ್ದರೆ ತಿನ್ನು” ಎಂದು ಅತ್ತೆಯ ತೀರ್ಪು ಬಂತು.

ಹೋಗಿ ವಿಚಾರಿಸಿದೆ. ಕೆ.ಜಿ.ಗೆ ಹದಿಮೂರು ಯೂರೋ. ಆಗ ಯೂರೋ ಅರವತ್ತೊಂಬತ್ತಕ್ಕೆ ಏರಿತ್ತು. ಸುಮಾರು ಒಂಬೈನೂರು ರೂಪಾಯಿ! ಹೊಳೆಯ ಬದಿಯಲ್ಲಿ ಬೇಕಾದಷ್ಟು ಮೊಳೆಯುವ ವಸ್ತುವಿಗೆ ಒಂಬೈನೂರು! ಮೇ ಕೊನೆಗೆ ಬೆಲೆ ಇಳಿಯುತ್ತದೆ ಎಂದು ಗುಡಿಸಲಿನ ಹೆಂಗಸೇ ಹೇಳಿದ್ದಳು. ಸರಿ, ಇಳಿಯಲಿ ಎಂದೆ. ನನ್ನವಳು ಇನ್ನೊಮ್ಮೆ ಕೇಳಲಿಲ್ಲ. ಮೇ ಕೊನೆಗೆ ಬೆಲೆ ಇಳಿಯಿತು, ಅಷ್ಟರಲ್ಲಿ ಕಚೇರಿಯ ಕೆಲಸಕ್ಕೆ ನಾನು ನಾಲ್ಕು ವಾರ ಬೇರೆ ಊರಿನಲ್ಲಿದ್ದೆ. ಹಿಂದಿರುಗಿದ್ದು ಜೂನ್ 25ಕ್ಕೆ. ಅವರ ಸಂತ ಯೋಹಾನರ ಹಬ್ಬವಾದ ಜೂನ್ 24ಕ್ಕೆ ಶ್ಪಾರ್ಗೆಲ್ ಕೊಯ್ಯುವುದನ್ನು ನಿಲ್ಲಿಸುತ್ತಾರೆ, ಗಿಡ ಮುಂದಿನ ವರ್ಷಕ್ಕೆ ಉಳಿಯಬೇಕಲ್ಲ. ಗುಡಿಸಲಿಗೆ ಬೀಗ ಬಿದ್ದಿತ್ತು. ಹಲಗೆಯ ಮೇಲೆ ಬೆಲೆಯನ್ನು ಒರೆಸಿದ ಸುಣ್ಣದ ಗುರುತು ಮಾತ್ರ ಇತ್ತು.

ಬಸುರಿಯ ಬಯಕೆ ತೀರಿಸದಿದ್ದರೆ ಮಗುವಿನ ಕಿವಿ ಸೋರುತ್ತದೆ ಎನ್ನುತ್ತಾರಲ್ಲ ನಮ್ಮಲ್ಲಿ. ಮಗಳಿಗೆ ಎರಡನೆಯ ವರ್ಷ ಕಿವಿ ಸೋರಿತು. ನೆಗಡಿಯಿಂದ, ಸಣ್ಣ ಮಕ್ಕಳಲ್ಲಿ ಸಾಮಾನ್ಯ ಎಂದು ಡಾಕ್ಟರು ಔಷಧ ಬರೆದುಕೊಟ್ಟರು. ನಾನು ವಿಜ್ಞಾನ ಓದಿದವನು, ತಲೆಯಾಡಿಸಿದೆ. ಆ ರಾತ್ರಿ ನಿದ್ದೆ ಬರಲಿಲ್ಲ. ಶತಾವರಿಗೆ ಕನ್ನಡದಲ್ಲಿ ಇನ್ನೊಂದು ಹೆಸರು ಹಲವು ಮಕ್ಕಳ ತಾಯಿ ಬೇರು ಎಂದು ನನಗೆ ಗೊತ್ತಾದದ್ದು ಬಹಳ ವರ್ಷಗಳ ಮೇಲೆ. ಗೊತ್ತಾಗದೆ ಇದ್ದರೇ ಚೆನ್ನಾಗಿತ್ತು.

ಮುಂದಿನ ವರ್ಷ ಏಪ್ರಿಲ್ ಮೊದಲ ವಾರವೇ ಎರಡು ಕೆ.ಜಿ. ತಂದೆ, ಬೆಲೆ ನೋಡದೆ. ತುದಿಯಿಂದ ಬುಡದ ಕಡೆಗೆ ಸಿಪ್ಪೆ ಹೆರೆದು, ಅವರು ಮಾಡುವಂತೆ ಬೆಣ್ಣೆಯಲ್ಲಿ ಅಲ್ಲ, ತೆಂಗಿನಕಾಯಿ ಅರೆದು ಸಾಸಿವೆ ಹಾಕಿ ಬೇಯಿಸಿದೆ. ಅವಳು ತಿಂದು, “ಚೆನ್ನಾಗಿದೆ. ಕಣಿಲೆಯ ಹಾಗೇನೂ ಇಲ್ಲ” ಎಂದಳು. ಆಗ ಅವಳಿಗೆ ಬೇಕಿರಲಿಲ್ಲ, ನೋಡಿ. ಪ್ರತಿ ಏಪ್ರಿಲ್‌ನಲ್ಲೂ ನಾನು ತರುತ್ತೇನೆ, ಅವಳು ಮರುಮಾತಿಲ್ಲದೆ ತಿನ್ನುತ್ತಾಳೆ.

ಆದ್ದರಿಂದ ತಿಂಗಳ ಊಟದ ಲೆಕ್ಕವನ್ನು ನನ್ನಿಂದ ಕೇಳಬೇಡಿ. ಸಂಬಳ ಯೂರೋದಲ್ಲಿ ಬರುತ್ತದೆ, ಖರ್ಚೂ ಯೂರೋದಲ್ಲಿ ಆಗಲಿ. ಊರಿಗೆ ಕಳಿಸುವ ಹಣಕ್ಕೆ ಮಾತ್ರ ಗುಣಿಸಿ. ಮತ್ತು ನಿಮ್ಮ ಮನೆಯವರು “ನನಗೂ ಹಸಿವಿಲ್ಲ” ಎಂದರೆ ನಂಬಬೇಡಿ.

ಈಗ ನಮ್ಮ ಮಳೆಗಾಲದ ಕಕ್ಕಡ ತಿಂಗಳು. ಒಳಗೆ ಮೂರು ದಿನ ನೀರು ಬದಲಿಸಿ ನೆನೆಸಿದ ಕಣಿಲೆ ಬೇಯುತ್ತಿದೆ, ಆ ವಾಸನೆ ಜಗಲಿಯವರೆಗೆ ಬಂದಿದೆ. ಮಗಳಿಗೆ ಈಗ ಹದಿಮೂರು, ಮೂಗು ಮುಚ್ಚಿಕೊಂಡು ಅಟ್ಟ ಹತ್ತಿದ್ದಾಳೆ. ನಿಮಗೆ ಏನು ಬರೆಯಲಿ ಎಂದು ಹೆಂಡತಿಯನ್ನು ಕೇಳಿದೆ. “ಏಪ್ರಿಲ್‌ನಲ್ಲಿ ಊಟಕ್ಕೆ ಬರಲು ಹೇಳಿ” ಎಂದಳು. ಬನ್ನಿ. ನೆಕ್ಕರ್ ನದಿ ದಾಟಿದರೆ ನಮ್ಮ ಮನೆ, ಟ್ರಾಮ್ ಇದೆ. ಬರುವಾಗ ನಿಮ್ಮ ನೂಪುಟ್ಟಿನ ಒತ್ತು ತನ್ನಿ. ನಮ್ಮದರ ಹಿಡಿ ಕಳೆದ ವರ್ಷ ಕಿತ್ತುಹೋಯಿತು, ಅದನ್ನು ಬೆಸೆದುಕೊಡುವವರು ಅಲ್ಲಿ ಇನ್ನೂ ಸಿಕ್ಕಿಲ್ಲ.